ನಾಯಿ ಮೂಸಿದ ಅಣಬೆ

ಇಟಲಿಯ ಆಲ್ಬಾದಲ್ಲಿ ಬಿಳಿ ಟ್ರಫಲ್ ಅಣಬೆ ಸಿಗುವುದು ನಾಯಿಯ ದಯೆಯಿಂದ. ಓಕ್ ಮರದ ಬೇರಿಗಂಟಿ ನೆಲದೊಳಗೆ ಅವಿತದ್ದನ್ನು ಅದು ಮೂಸಿ ತೋರಿಸುತ್ತದೆ, ಧಣಿ ಕೆದಕಿ ತೆಗೆಯುತ್ತಾನೆ. ಮೊದಲು ಈ ಕೆಲಸ ಹಂದಿಯದು. ಸಿಕ್ಕಿದ್ದನ್ನು ಅಲ್ಲೇ ಗುಳುಂ ಮಾಡುತ್ತಿತ್ತು, ನೌಕರಿ ಹೋಯಿತು.

ನೋಡಲು ಮಣ್ಣು ಮೆತ್ತಿದ ಆಲೂಗಡ್ಡೆ. ಬೆಲೆ ಕೇಳಿದರೆ ಎದೆ ಝಲ್ಲೆನ್ನಬೇಕು. ಒಗ್ಗರಣೆಗೆ ಹಾಕಿದಿರೋ, ಕೆಟ್ಟಿರಿ: ಪರಿಮಳವೆಲ್ಲ ಹಬೆಯ ಜೊತೆ ಪರಾರಿ. ಬಿಸಿಬಿಸಿ ಬೆಣ್ಣೆ ಪಾಸ್ತಾದ ಮೇಲೋ ಮೊಟ್ಟೆಯ ಮೇಲೋ ಹಸಿಯಾಗಿಯೇ ತೆಳ್ಳಗೆ ಹೆರೆಯಬೇಕು, ಅಷ್ಟೆ. ಬಾಟಲಿಯ ‘ಟ್ರಫಲ್ ಎಣ್ಣೆ’ಯ ಘಮ ಬಹುಪಾಲು ಕಾರ್ಖಾನೆಯದೇ, ಪಾಪ, ನಾಯಿಗೆ ಅದರ ಸುದ್ದಿಯೇ ಗೊತ್ತಿಲ್ಲ.

ಕೂಡಿಡುವ ಆಸ್ತಿಯೂ ಅಲ್ಲ ಇದು. 2004ರಲ್ಲಿ ಲಂಡನ್ನಿನ ಹೋಟೆಲೊಂದರ ಬಾಣಸಿಗ 28,000 ಪೌಂಡಿನ ಟ್ರಫಲನ್ನು ಭದ್ರವಾಗಿ ಬೀಗ ಹಾಕಿಟ್ಟು ರಜೆಗೆ ಹೋದ. ಬಂದು ನೋಡಿದರೆ ಕೊಳೆತಿತ್ತು.