365ನೇ ದಿನದ ಕೇಕು

ಪೀಣ್ಯದ ಒಂದು ಪ್ರೆಸ್ ಶಾಪ್. ಗೋಡೆಯ ಮೇಲೆ ಬೋರ್ಡು: ‘ಅಪಘಾತವಿಲ್ಲದೆ 364 ದಿನ’.

“ಸಾರ್, ಎರಡನೇ ಪ್ರೆಸ್‌ನಲ್ಲಿ ಹುಡುಗನ ಬೆರಳು ಹೋಯ್ತು.”

“ಅಯ್ಯೋ, ನಾಳೆಗೆ ಕೇಕ್ ಹೇಳಿದ್ದೀನಲ್ರೀ! ಎಷ್ಟು ಬೆರಳು?”

“ಒಂದೂವರೆ.”

“ಎರಡಾಗಿಲ್ಲ ತಾನೆ? ‘ತರಚು ಗಾಯ’ ಅಂತ ಬರೀರಿ.”

“48 ಗಂಟೆ ಕೆಲಸಕ್ಕೆ ಬರದಿದ್ರೆ ಇನ್‌ಸ್ಪೆಕ್ಟರ್‌ಗೆ ತಿಳಿಸ್ಬೇಕು ಸಾರ್. ಕಾನೂನು ಹಾಗಿದೆ.”

“ಬರ್ತಾನೆ. ಗೇಟ್ ಹತ್ರ ಕುರ್ಚಿ ಹಾಕಿ ಕೂರಿಸಿ, ಹಾಜರಿ ಹಾಕಿ.”

“ಎರಡೂ ಕೈಲಿ ಗುಂಡಿ ಒತ್ತಿದ್ರೆ ಮಾತ್ರ ಇಳಿಯೋ ಪ್ರೆಸ್ಸು. ಒಂದಕ್ಕೆ ಟೇಪ್ ಸುತ್ತಿಸಿದ್ದು ತಾವೇ...”

“ಪ್ರೊಡಕ್ಷನ್ ಬೇಕಿತ್ತಲ್ರೀ! ರಿಸ್ಕ್ ರಿಜಿಸ್ಟರ್ ಏನನ್ನುತ್ತೆ?”

“‘ಅಪಾಯ: ಕಡಿಮೆ.’ ಹೋದ ವರ್ಷದ್ದೇ ನಕಲು ಸಾರ್.”

(ಹೋದ ವರ್ಷವೂ ಒಂದು ‘ತರಚು ಗಾಯ’ ಆಗಿತ್ತು.)

ಮರುದಿನ ಬೋರ್ಡಿನಲ್ಲಿ 365. ಕೇಕ್ ಕತ್ತರಿಸಲು ಆ ಹುಡುಗನನ್ನೇ ಕರೆದರು. ಎಡಗೈಯಲ್ಲಿ ಕತ್ತರಿಸಿದ.