ಮ್ಯಾಟ್ರಿಕ್ಸ್ ಗ್ರಂಥಪರೀಕ್ಷೆ: ಒಂದು ತರಗುಪೇಟೆ ಮೀಮಾಂಸೆ

ಸ್ವಂತವಾಗಿ ಮ್ಯಾಟ್ರಿಕ್ಸ್ ಕ್ಯಾಲ್ಕುಲಸ್ ಕಲಿಯಹೊರಟವನು ಮೊದಲು ಗುರುವನ್ನು ಹುಡುಕಬೇಕು, ಸಿಗದಿದ್ದರೆ ಗ್ರಂಥವನ್ನು, ಯಾವ ಗ್ರಂಥವೆಂದು ತಿಳಿಯದಿದ್ದರೆ ಬೆಂಗಳೂರಿನ ಧಾನ್ಯದ ಸಗಟು ಪೇಟೆಯಾದ ತರಗುಪೇಟೆಯನ್ನು. ಈ ಮೂರನೆಯ ದಾರಿಯನ್ನು ಪಂಡಿತರು ಕಡೆಗಣಿಸಿರುವುದೇ ಪ್ರಸ್ತುತ ಪ್ರಬಂಧಕ್ಕೆ ಪ್ರೇರಣೆ.

ಪೂರ್ವಪಕ್ಷ: ದಪ್ಪ ಪುಸ್ತಕವೇ ಶ್ರೇಷ್ಠ. ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಯಿಂದ ಅದನ್ನು ಹೊತ್ತು ತಂದು, ಮುನ್ನುಡಿ ಓದಿ, ಕಪಾಟಿನಲ್ಲಿಟ್ಟರೆ ವಿದ್ಯೆ ಮುಕ್ಕಾಲು ಬಂದಂತೆ. ಈ ಪಕ್ಷದ ಖಂಡನೆಗೆ ಅದರ ಅನುಯಾಯಿಗಳ ಕಪಾಟೇ ಸಾಕು.

ಸಿದ್ಧಾಂತ: ತರಗುಪೇಟೆಯ ಮಂಡಿಗೆ ಬಂದ ಸಗಟು ವ್ಯಾಪಾರಿ ಚೀಲದ ಬಾಯಲ್ಲಿ ಕಂಡ ಅಕ್ಕಿಗೆ ಬೆಲೆ ಕಟ್ಟುವುದಿಲ್ಲ. ಮೊನಚು ಕೊಳವೆಯನ್ನು ಗೋಣಿಯ ನಡುವಿಗೆ ಚುಚ್ಚುತ್ತಾನೆ. ಜಾರಿ ಬಂದ ಕಾಳನ್ನು ಅಂಗೈಯಲ್ಲಿ ಹರಡಿ, ನುಚ್ಚೆಷ್ಟು ಕಲ್ಲೆಷ್ಟು ನೋಡಿ, ಒಂದೆರಡನ್ನು ಕಚ್ಚಿ, ಆಮೇಲೆ ರೇಟು ಮಾತಾಡುತ್ತಾನೆ. ಗ್ರಂಥಪರೀಕ್ಷೆಯೂ ನಡುಪುಟದಲ್ಲೇ ಆಗತಕ್ಕದ್ದು.

ಚುಚ್ಚಬೇಕಾದ ಜಾಗ ಒಂದೇ. 3 ಅಡ್ಡಸಾಲು, 2 ಕಂಬಸಾಲುಗಳ 'ಎ' ಎಂಬ ಮ್ಯಾಟ್ರಿಕ್ಸಿನಿಂದ 'ಎಕ್ಸ್' ಎಂಬ ವೆಕ್ಟರನ್ನು ಗುಣಿಸಿದರೆ 'ವೈ' ಬರುತ್ತದೆ. ಎಕ್ಸ್‌ಗೆ ಸಂಬಂಧಿಸಿದಂತೆ ವೈಯ ಡೆರಿವೇಟಿವ್ ಏನು? ನ್ಯೂಮರೇಟರ್ ಲೇಔಟ್ ಮತದವರು 'ಎ' ಎನ್ನುತ್ತಾರೆ, ಅಳತೆ 3×2. ಡಿನಾಮಿನೇಟರ್ ಲೇಔಟ್ ಮತದವರು ಎಯ ಟ್ರಾನ್ಸ್‌ಪೋಸ್ ಎನ್ನುತ್ತಾರೆ, ಅಳತೆ 2×3. ಎರಡೂ ಸರಿ! ತನ್ನದು ಯಾವ ಮತವೆಂದು ಬಾಯಿಬಿಡದ ಪುಸ್ತಕವನ್ನು ಅಲ್ಲೇ ಕೆಳಗಿಡಬೇಕು. ಇಲ್ಲದಿದ್ದರೆ ಚೈನ್ ರೂಲ್ ಬರುವ ಹೊತ್ತಿಗೆ ಅಡ್ಡಸಾಲಿಗೂ ಕಂಬಸಾಲಿಗೂ ತಾಳೆಯಾಗದೆ ಗುಣಾಕಾರವೇ ನಿಂತುಹೋಗುತ್ತದೆ.

ಪ್ರಾಚೀನ ಪ್ರಮಾಣವನ್ನೂ ಪರಿಶೀಲಿಸಲಾಯಿತು. 12ನೆಯ ಶತಮಾನದಲ್ಲಿ ಕನ್ನಡದಲ್ಲೇ 'ವ್ಯವಹಾರಗಣಿತ' ರಚಿಸಿದ ರಾಜಾದಿತ್ಯ ಈ ವಿವಾದದಲ್ಲಿ ಪೂರ್ಣ ಮೌನಿ. ಮೌನವೇ ಸಮ್ಮತಿಯೆಂದು ಎರಡೂ ಮತದವರು ಅವನನ್ನು ಎಳೆದುಕೊಳ್ಳಬಹುದು. ಆದರೆ ಗಣಿತಜ್ಞ ಸಿಲ್ವೆಸ್ಟರ್ ಮ್ಯಾಟ್ರಿಕ್ಸಿಗೆ ಆ ಹೆಸರಿಟ್ಟದ್ದೇ 1850ರಲ್ಲಿ. ಹಾಗಾಗಿ 1920ರಲ್ಲಿ ಹೂವಿನಹಡಗಲಿಯಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಅವರ ಸಾಕ್ಷ್ಯ ಹೆಚ್ಚು ಗಟ್ಟಿ. ಅವರ 1965ರ 'ಲೀನಿಯರ್ ಸ್ಟ್ಯಾಟಿಸ್ಟಿಕಲ್ ಇನ್‌ಫರೆನ್ಸ್' ಸಂಖ್ಯಾಶಾಸ್ತ್ರದ ಗ್ರಂಥವಾದರೂ ಮೊದಲ ಅಧ್ಯಾಯ ವೆಕ್ಟರ್, ಮ್ಯಾಟ್ರಿಕ್ಸ್‌ಗಳ ಬೀಜಗಣಿತಕ್ಕೇ ಮೀಸಲು. ಅದು ಅರಗುವ ಮುನ್ನ ಡೆರಿವೇಟಿವ್‌ಗೆ ಕೈಹಾಕುವುದು ಶಾಸ್ತ್ರಸಮ್ಮತವಲ್ಲ.

ತೀರ್ಪು. ಕೂತು ಓದಲು ಮ್ಯಾಗ್ನಸ್ ಮತ್ತು ನ್ಯೂಡೆಕರ್ ಬರೆದ 'ಮ್ಯಾಟ್ರಿಕ್ಸ್ ಡಿಫರೆನ್ಷಿಯಲ್ ಕ್ಯಾಲ್ಕುಲಸ್' (1988). ಸಿಕ್ಕರೆ 2019ರ ಮೂರನೆಯ ಆವೃತ್ತಿ. ಅದು ಮೊದಲು ಮ್ಯಾಟ್ರಿಕ್ಸ್ ಕಲಿಸಿ, ಆಮೇಲೆ ಡಿಫರೆನ್ಷಿಯಲ್ ಹಿಡಿಯುತ್ತದೆ. ಕಂಬಸಾಲುಗಳನ್ನು ಒಂದರ ಕೆಳಗೊಂದು ಪೇರಿಸಿ ಉದ್ದ ವೆಕ್ಟರ್ ಮಾಡಿಕೊಂಡು, ಡೆರಿವೇಟಿವ್‌ನ ಒಂದೇ ವ್ಯಾಖ್ಯೆಗೆ ಅಂಟಿಕೊಳ್ಳುತ್ತದೆ. ಪೀಟರ್ಸನ್–ಪೆಡರ್ಸನ್ ಜೋಡಿಯ 'ಮ್ಯಾಟ್ರಿಕ್ಸ್ ಕುಕ್‌ಬುಕ್' ಬಿಟ್ಟಿ ಸಿಗುತ್ತದೆ, ಸೂತ್ರ ಹುಡುಕಲು ಬಲು ಅನುಕೂಲ. ಆದರೆ ಸೂತ್ರ ಎಲ್ಲಿಂದ ಬಂತೆಂದು ಅದನ್ನು ಕೇಳಬಾರದು.

ಯಾವುದನ್ನೇ ಕೊಳ್ಳಿ, ಒಂದು 2×2 ಮ್ಯಾಟ್ರಿಕ್ಸ್ ಬರೆದು, ಪುಸ್ತಕದ ಒಂದು ಸೂತ್ರವನ್ನು ಬಿಡಿಬಿಡಿಯಾಗಿ ಕೈಲೆಕ್ಕದಲ್ಲೇ ಬಿಡಿಸಿ. ಉತ್ತರ ತಾಳೆಯಾದ ಮೇಲೆ ದುಡ್ಡು ಕೊಡಿ.