ಮುಯ್ಯಿ ಪುಸ್ತಕ

ಅಟ್ಟ ಗುಡಿಸುವಾಗ ಅಕ್ಕನ ಮದುವೆಯ ಮುಯ್ಯಿ ಪುಸ್ತಕ ಸಿಕ್ಕಿತು. ರಟ್ಟಿನ ತುಂಬ ಅರಿಶಿನದ ಕಲೆ, ಮೊದಲ ಪುಟದಲ್ಲಿ ‘ಶ್ರೀ’, ಒಳಗೆಲ್ಲ ದೊಡ್ಡಪ್ಪನ ಗುಂಡಗಿನ ಅಕ್ಷರ. ‘ತಿಪಟೂರು ಅತ್ತೆ – ಹಿತ್ತಾಳೆ ಚೊಂಬು 1.’ ‘ಪೋಸ್ಟ್ ಮೇಷ್ಟ್ರು – 11 ರೂ.’ ‘ಮೂಲೆಮನೆಯವರು – ಅಕ್ಕಿ 5 ಸೇರು.’ ಮುಂದೆ ಅವರವರ ಮನೆಯಲ್ಲಿ ಶುಭಕಾರ್ಯವಾದಾಗ ದೊಡ್ಡಪ್ಪ ಇದನ್ನೇ ಬಿಚ್ಚಿ, ಹನ್ನೊಂದಕ್ಕೆ ಹನ್ನೊಂದು ಎಣಿಸಿ ಕೊಟ್ಟು ಬರುತ್ತಿದ್ದರು.

ಮೂವತ್ತು ವರ್ಷ ಕಾಲೇಜಿನಲ್ಲಿ ಅಕೌಂಟೆನ್ಸಿ ಪಾಠ ಹೇಳಿದವನು ನಾನು. ಬಂದದ್ದು ಡೆಬಿಟ್, ಹೋದದ್ದು ಕ್ರೆಡಿಟ್ ಎಂಬುದು ನನಗೆ ಗಾಯತ್ರಿ ಮಂತ್ರಕ್ಕಿಂತ ಚೆನ್ನಾಗಿ ಬಾಯಿಗೆ ಬರುತ್ತದೆ. ಈ ಅನ್ನಕ್ಕೆ ಕಲ್ಲು ಹಾಕಲು ನೋಡಿದವರು ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ವಿಲಿಯಂ ಮೆಕಾರ್ಥಿ. 1982ರಲ್ಲಿ ‘ದಿ ಅಕೌಂಟಿಂಗ್ ರಿವ್ಯೂ’ ಪತ್ರಿಕೆಯಲ್ಲಿ ಅವರು ಆರ್‌ಇಎ ಎಂಬ ಮಾದರಿ ಮಂಡಿಸಿದರು. ಕಂಪ್ಯೂಟರ್ ಇರುವಾಗ ಡೆಬಿಟ್ಟು ಕ್ರೆಡಿಟ್ಟಿನ ಹಂಗೇಕೆ? ಯಾವ ವಸ್ತು, ಯಾವ ವ್ಯವಹಾರ, ಯಾರು ಯಾರಿಗೆ, ಇಷ್ಟನ್ನು ಇದ್ದದ್ದು ಇದ್ದ ಹಾಗೆ ಬರೆದಿಡಿ. ಜಮಾ-ಖರ್ಚು ಬೇಕಾದಾಗ ಅದರಿಂದಲೇ ತೆಗೆದುಕೊಳ್ಳಬಹುದು ಎಂದರು. ಚೊಂಬು, ಮದುವೆ, ತಿಪಟೂರು ಅತ್ತೆ. ದೊಡ್ಡಪ್ಪನೂ ಅದನ್ನೇ ಮಾಡಿದ್ದು. ಪೇಪರ್ ಪಬ್ಲಿಷ್ ಮಾಡಲಿಲ್ಲ ಅಷ್ಟೆ.

ಪಿಎಚ್‌ಡಿ ಮಾಡುತ್ತಿರುವ ಅಕ್ಕನ ಮಗನಿಗೆ ಇದನ್ನು ಹೇಳಿದರೆ, ಅವನು ಪುಸ್ತಕದತ್ತ ಕಣ್ಣೂ ಹಾಯಿಸದೆ, “ಮಾಮ, ಆ ಪ್ರೊಫೆಸರ್ ಎಚ್-ಇಂಡೆಕ್ಸ್ ಎಷ್ಟಂತೆ?” ಎಂದ.

ಈಗ ವರನ ಸಂಬಳ ಕೇಳುವ ಹಾಗೆ ವಿದ್ವಾಂಸನ ಎಚ್-ಇಂಡೆಕ್ಸ್ ಕೇಳುತ್ತಾರೆ. 2005ರಲ್ಲಿ ಹೋರ್ಹೆ ಹಿರ್ಷ್ ಎಂಬ ಭೌತವಿಜ್ಞಾನಿ ಕಟ್ಟಿದ ಲೆಕ್ಕ ಅದು. ನಿಮ್ಮ ಹತ್ತು ಪ್ರಬಂಧಗಳನ್ನು ಬೇರೆ ಪ್ರಬಂಧಗಳು ತಲಾ ಹತ್ತು ಸಲವಾದರೂ ಉಲ್ಲೇಖಿಸಿದ್ದರೆ ನಿಮ್ಮ ಎಚ್ ಹತ್ತು. ಜನ್ಮಕ್ಕೊಂದೇ ಪ್ರಬಂಧ ಬರೆದು, ಅದನ್ನು ಸಾವಿರ ಕಡೆ ಉಲ್ಲೇಖಿಸಿದರೂ ಎಚ್ ಒಂದೇ. ಉಲ್ಲೇಖವೂ ಒಂದು ಬಗೆಯ ಮುಯ್ಯಿ ತಾನೆ? ನೀನು ನನ್ನ ಹೆಸರು ಹಾಕು, ನಾನು ನಿನ್ನ ಹೆಸರು ಹಾಕುತ್ತೇನೆ. ತನ್ನ ಪ್ರಬಂಧವನ್ನು ತಾನೇ ಉಲ್ಲೇಖಿಸುವ ಧೀರರೂ ಇದ್ದಾರೆ; ಸ್ವಂತ ಮಗಳ ಮದುವೆಯಲ್ಲಿ ಸಾಲಿನಲ್ಲಿ ನಿಂತು ತಾನೇ ಮುಯ್ಯಿ ಬರೆಸಿದ ಹಾಗೆ.

ಹುಡುಗ ಸಹಲೇಖಕರ ನಕ್ಷೆಯನ್ನೂ ತೋರಿಸಿದ. ಒಬ್ಬೊಬ್ಬರಿಗೆ ಒಂದು ಚುಕ್ಕಿ, ಜೊತೆಯಾಗಿ ಬರೆದಿದ್ದರೆ ನಡುವೆ ಗೆರೆ. ಅಕ್ಕ ಬಗ್ಗಿ ನೋಡಿ, “ಎಷ್ಟು ಚುಕ್ಕಿಯ ರಂಗೋಲಿನೋ ಇದು?” ಎಂದಳು. 1494ರಲ್ಲಿ ಜೋಡಿ ನಮೂದಿನ ಲೆಕ್ಕಪದ್ಧತಿಯನ್ನು ವೆನಿಸ್‌ನಲ್ಲಿ ಅಚ್ಚು ಹಾಕಿಸಿದ ಲೂಕಾ ಪಚೋಲಿಗೆ ಇಂಥ ರಂಗೋಲಿ ಬರೆದರೆ, ಪಕ್ಕದ ಚುಕ್ಕಿ ಲಿಯೊನಾರ್ಡೊ ಡಾ ವಿಂಚಿಯದು. ಪಚೋಲಿಯ ಇನ್ನೊಂದು ಪುಸ್ತಕಕ್ಕೆ ಅವನು ಚಿತ್ರ ಬರೆದುಕೊಟ್ಟಿದ್ದ. ಅಂಥ ಗೆಳೆಯನಿದ್ದೂ ಪಚೋಲಿಯ ಎಚ್ ಬೆರಳೆಣಿಕೆ ದಾಟದು. ಬರೆದ ಪುಸ್ತಕಗಳೇ ಕೆಲವು.

ಎಲ್ಲ ಚುಕ್ಕಿಗಳೂ ಮನುಷ್ಯರೇ ಆಗಬೇಕೆಂದಿಲ್ಲ. ಅದೇ ಮಿಷಿಗನ್ ಸ್ಟೇಟ್‌ನಲ್ಲಿ ಜ್ಯಾಕ್ ಹೆದರಿಂಗ್ಟನ್ ಎಂಬ ಭೌತವಿಜ್ಞಾನಿ ಒಬ್ಬರೇ ಬರೆದ ಪ್ರಬಂಧದ ತುಂಬ ‘ನಾವು’ ಎಂದು ಬರೆದಿದ್ದರು. ಒಬ್ಬನೇ ಲೇಖಕನಾದರೆ ಪತ್ರಿಕೆ ‘ನಾವು’ ಎಂಬುದನ್ನು ಒಪ್ಪುವುದಿಲ್ಲ ಎಂದು ಸಹೋದ್ಯೋಗಿಯೊಬ್ಬರು ಎಚ್ಚರಿಸಿದರು. ಟೈಪ್‌ರೈಟರಿನ ಕಾಲ; ಎಲ್ಲವನ್ನೂ ಮತ್ತೆ ಕುಟ್ಟುವ ಬದಲು ತಮ್ಮ ಸಯಾಮಿ ಬೆಕ್ಕು ಚೆಸ್ಟರನ್ನು ಎಫ್.ಡಿ.ಸಿ. ವಿಲ್ಲರ್ಡ್ ಎಂಬ ಗಂಭೀರ ಹೆಸರಿನಲ್ಲಿ ಸಹಲೇಖಕನಾಗಿಸಿದರು. 1975ರಲ್ಲಿ ‘ಫಿಸಿಕಲ್ ರಿವ್ಯೂ ಲೆಟರ್ಸ್’ ಅದನ್ನು ಪ್ರಕಟಿಸಿತು. ಚೆಸ್ಟರನಿಗೆ ಬಿದ್ದ ಉಲ್ಲೇಖಗಳ ಮುಂದೆ ನನ್ನವನ್ನು ಇಡುವ ಧೈರ್ಯ ನನಗಿಲ್ಲ.

ವಸ್ತು, ವ್ಯವಹಾರ, ವ್ಯಕ್ತಿ ಯಾವುದೂ ಅಂಕಿಯಲ್ಲಿ ಅಳಿಸಿಹೋಗಬಾರದು ಎಂದ ಮೆಕಾರ್ಥಿಯವರನ್ನೂ ಕೊನೆಗೆ ಒಂದೇ ಅಂಕಿಯಲ್ಲಿ ತೂಗುತ್ತಾರೆ. “ಎಷ್ಟೋ ಒಂದು, ಬರ್ಕೋ” ಎಂದು ಹುಡುಗನನ್ನು ಸಾಗಹಾಕಿ ಮತ್ತೆ ಪುಟ ತಿರುವಿದೆ. ಕೊನೆಯ ಪುಟದ ಅಡಿಯಲ್ಲಿ ದೊಡ್ಡಪ್ಪ ಪೆನ್ಸಿಲಿನಲ್ಲಿ ಬರೆದಿದ್ದರು: ‘ಗುರುತು ಸಿಗಲಿಲ್ಲ – ತೆಂಗಿನಕಾಯಿ 1. ಊಟಕ್ಕೆ ನಿಲ್ಲಲಿಲ್ಲ.’

ಅಕ್ಕನನ್ನು ಕೇಳಿದೆ. ಅವಳು ಇನ್ನೂ ಯೋಚಿಸುತ್ತಿದ್ದಾಳೆ.